ಬೇಗ ಕೆಂಪಾಗುವ ಚರ್ಮಕ್ಕೆ ಏನು ಹಚ್ಚುವುದು

ಕೋಲಾರದಲ್ಲಿ ಇದ್ದುಕೊಂಡು ಟೊಮೆಟೊ ಬಿಡುವುದು ಎಷ್ಟು ಕಷ್ಟ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ನಮ್ಮ ಎಪಿಎಂಸಿಯೂ ಒಂದು. ಸಾರಿಗೂ ಅದೇ, ಗೊಜ್ಜಿಗೂ ಅದೇ, ಭಾನುವಾರ ಮುಖಕ್ಕೆ ಉಜ್ಜುವುದಕ್ಕೂ ಅದೇ. ನನಗೆ ಹಿಸ್ಟಮಿನ್ ಇನ್‌ಟಾಲರೆನ್ಸ್, ಅಂದರೆ ಊಟದಲ್ಲಿ ಬರುವ ಹಿಸ್ಟಮಿನ್ ಅನ್ನುವ ವಸ್ತು ಮೈಗೆ ಒಗ್ಗದ ತೊಂದರೆ, ಇದೆ ಅಂತ ವೈದ್ಯರು ಹೇಳಿದ ಮೇಲೆ ಬಿಡಬೇಕಾದ ಊಟದ ಪಟ್ಟಿ ಸಿಕ್ಕಿತು. ಟೊಮೆಟೊ, ಬದನೆ, ಪಾಲಕ್, ಹುಳಿ ಮೊಸರು, ಉಪ್ಪಿನಕಾಯಿ, ನಿನ್ನೆಯ ಸಾರು, ಹಳೆಯ ಮೀನು ಎಲ್ಲ ಅದರಲ್ಲಿದ್ದವು. ಊಟದ ವಿಷಯದಲ್ಲಿ ದಾರಿ ತೋರಿಸುವವರು ಸಿಗುತ್ತಾರೆ. ಮುಖಕ್ಕೆ, ತಲೆಗೆ ಏನು ಹಾಕಿಕೊಳ್ಳಬೇಕು ಅಂತ ಕೇಳಿದರೆ ಮಾತ್ರ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ನ್ಯಾಚುರಲ್ ಬಳಸಿ, ಏನೂ ಆಗಲ್ಲ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಸೀಗೆಕಾಯಿ, ಕೊಬ್ಬರಿ ಎಣ್ಣೆ, ಲೋಳೆಸರ ಇವುಗಳ ಮೇಲೆ ನನಗೆ ಬಹಳ ಪ್ರೀತಿ ಇದೆ. ಇವತ್ತಿಗೂ ಬಳಸುತ್ತೇನೆ. ಆದರೆ ಒಂದು ವಸ್ತು ಗಿಡದಿಂದ ಬಂತು ಅಂದ ಮಾತ್ರಕ್ಕೆ ನಮ್ಮಂಥವರ ಚರ್ಮ ಅದನ್ನು ಸುಮ್ಮನೆ ಬಿಡುವುದಿಲ್ಲ. ಅದರಲ್ಲಿ ಎಷ್ಟು ಪದಾರ್ಥ ಸೇರಿವೆ, ಎಷ್ಟು ತಾಜಾ ಇದೆ, ಹಚ್ಚುವಾಗ ಎಷ್ಟು ಮೆತ್ತಗೆ ಹಚ್ಚುತ್ತೇವೆ, ತೊಳೆಯುವ ನೀರು ಎಂಥದ್ದು ಅಂತ ನಾನು ಮೊದಲು ನೋಡುತ್ತೇನೆ. ಗಿಡವೋ ಫ್ಯಾಕ್ಟರಿಯೋ ಅನ್ನುವ ಪ್ರಶ್ನೆ ಆಮೇಲೆ.

ಹಿಸ್ಟಮಿನ್ ಹೊರಗಿನಿಂದ ಬಂದ ವಿಷವೇನಲ್ಲ. ನಮ್ಮ ದೇಹವೇ ಅದನ್ನು ಮಾಡುತ್ತದೆ. ಚರ್ಮದಲ್ಲಿ, ಮೂಗಿನಲ್ಲಿ, ಕರುಳಿನಲ್ಲಿ ಮಾಸ್ಟ್ ಕೋಶಗಳು ಅಂತ ಇರುತ್ತವೆ. ಅವು ಹಿಸ್ಟಮಿನ್ ತುಂಬಿಕೊಂಡು ಕುಳಿತಿರುತ್ತವೆ. ಸೊಳ್ಳೆ ಕಚ್ಚಿದಾಗ ಏಳುವ ದದ್ದು, ಧೂಳಿಗೆ ಬರುವ ಸೀನು, ಹೊಟ್ಟೆಯಲ್ಲಿ ಊಟ ಜೀರ್ಣವಾಗಲು ಬೇಕಾದ ಆಮ್ಲ, ಈ ಎಲ್ಲದರಲ್ಲೂ ಅದರ ಕೈ ಇದೆ. ಊಟದ ಜೊತೆ ಬರುವ ಹಿಸ್ಟಮಿನ್ನನ್ನು ಕರುಳಿನಲ್ಲಿ ಡಯಮೀನ್ ಆಕ್ಸಿಡೇಸ್ ಅನ್ನುವ ಕಿಣ್ವ ಒಡೆದು ಹಾಕುತ್ತದೆ. ಡಿಎಒ ಅಂತ ಕರೆಯುವುದು ಇದನ್ನೇ. ಅದರ ಕೆಲಸ ಸಾಲದೇ ಹೋದಾಗ ಮುಖ ಕೆಂಪಾಗುತ್ತದೆ, ತಲೆ ನೋಯುತ್ತದೆ, ಮೂಗು ಸೋರುತ್ತದೆ, ಮೈ ನವೆ ಆಗುತ್ತದೆ, ಹೊಟ್ಟೆ ಕೆಡುತ್ತದೆ.

ಹಿಸ್ಟಮಿನ್ ಇನ್‌ಟಾಲರೆನ್ಸ್ ಇದೆ ಅಂತ ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ರಕ್ತದಲ್ಲಿನ ಡಿಎಒ ಮಟ್ಟ ನೋಡಿ ಮಾತ್ರ ತೀರ್ಮಾನ ಮಾಡಲು ಬರುವುದಿಲ್ಲ. ಬೇರೆ ಕಾಯಿಲೆಗಳು ಇಲ್ಲ ಅಂತ ನೋಡಿ, ಕೆಲವು ವಾರ ಕೆಲವು ಆಹಾರ ಬಿಟ್ಟು, ಮತ್ತೆ ಒಂದೊಂದಾಗಿ ತಿಂದು ನೋಡಬೇಕು. ವೈದ್ಯರ ಜೊತೆ ಕೂತು ಮಾಡುವ ಕೆಲಸ ಇದು. ನವೆ ಬಂದವರೆಲ್ಲ ‘ನನಗೂ ಹಿಸ್ಟಮಿನ್’ ಅಂದುಕೊಂಡು ಅರ್ಧ ಅಡುಗೆಮನೆ ಖಾಲಿ ಮಾಡಬೇಡಿ. ಇದರ ಬಗ್ಗೆ ಮುಂದೆ ಇನ್ನೊಂದು ಮಾತಿದೆ.

ನಮ್ಮ ಅತ್ತೆ ಹೇಳುವ ಮಾತು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ‘ತಿನ್ನೋ ಕಡಲೆಹಿಟ್ಟು ಕಣಮ್ಮ, ತಿಂದ್ರೇ ಏನಾಗಲ್ಲ, ಹಚ್ಚಿದ್ರೆ ಏನಾಗುತ್ತೆ?’ ಕೇಳಲು ಸರಿ ಅನ್ನಿಸುತ್ತದೆ. ಆದರೆ ಚರ್ಮ ಕೆಲಸ ಮಾಡುವ ರೀತಿಯೇ ಬೇರೆ. ಕರುಳಿಗೆ ದಿನಾ ಹೊಸ ಹೊಸ ಆಹಾರ ಬರುತ್ತದೆ. ಅದನ್ನು ಒಪ್ಪಿಕೊಳ್ಳುವುದು ಅದರ ಅಭ್ಯಾಸ. ಚರ್ಮದ ಕೆಲಸ ಹೊರಗಿನದನ್ನು ಹೊರಗೇ ಇಡುವುದು. ಬಿರುಕು ಬಿಟ್ಟ, ತುರಿಸಿ ಗಾಯವಾದ ಚರ್ಮದ ಮೂಲಕ ಆಹಾರದ ಪ್ರೋಟೀನ್ ಒಳಗೆ ಹೋದರೆ ದೇಹ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳಬಹುದು.

ಜಪಾನಿನಲ್ಲಿ ಹೀಗೆ ಆಗಿದೆ. ಅಲ್ಲಿ ಒಂದು ಮುಖದ ಸೋಪಿಗೆ ಗೋಧಿಯ ಪ್ರೋಟೀನನ್ನು ಸಣ್ಣದಾಗಿ ಒಡೆದು ಸೇರಿಸಿದ್ದರು. ಬಳಸಿದವರಲ್ಲಿ 2000ಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಶುರುವಾಯಿತು. ಅದುವರೆಗೆ ಆರಾಮಾಗಿ ಬ್ರೆಡ್ಡು, ನೂಡಲ್ಸ್ ತಿನ್ನುತ್ತಿದ್ದವರು ಅವರು. 2011ರಲ್ಲಿ ಸೋಪನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಬ್ರಿಟನ್ನಿನಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮಕ್ಕಳ ಕಡಲೆಕಾಯಿ ಅಲರ್ಜಿಯನ್ನು ನೋಡಿತು. ಕೆಂಪಾಗಿ ಉರಿಯುತ್ತಿದ್ದ ಚರ್ಮಕ್ಕೆ ಕಡಲೆಕಾಯಿ ಎಣ್ಣೆ ಇರುವ ಕ್ರೀಮು ಹಚ್ಚಿಸಿಕೊಂಡಿದ್ದ ಮಕ್ಕಳಲ್ಲಿ ಅದು ಹೆಚ್ಚಾಗಿ ಕಂಡಿತು. ಹಾಗಂತ ಕಡಲೆಹಿಟ್ಟು ಬಿಟ್ಟೇಬಿಡಿ ಅಂತ ನಾನು ಹೇಳುತ್ತಿಲ್ಲ. ಚರ್ಮ ಚೆನ್ನಾಗಿದ್ದರೆ, ಬಳಸಿ ಅಭ್ಯಾಸ ಇದ್ದರೆ ಸರಿ. ಕೆರೆದು ಕೆಂಪಾದ ಚರ್ಮದ ಮೇಲೆ ಮಾತ್ರ ಯಾವ ಹಿಟ್ಟೂ, ಯಾವ ಹಾಲೂ ಬೇಡ.

ಇನ್ನು ಹುಳಿ ಬರಿಸಿದ ಪದಾರ್ಥಗಳ ವಿಷಯ. ತಲೆಗೆ ಹುಳಿ ಮೊಸರು, ರಾತ್ರಿ ನೆನೆಸಿಟ್ಟ ಮೆಂತ್ಯ. ಈಗ ಹೊಸದಾಗಿ ಅಕ್ಕಿ ತೊಳೆದ ನೀರನ್ನು ಎರಡು ದಿನ ಹುಳಿ ಬರಿಸಿ ಕೂದಲಿಗೆ ಹಾಕುವುದು. ವಿದೇಶದ ವಿಡಿಯೊಗಳಲ್ಲಾದರೆ ಆಪಲ್ ಸೈಡರ್ ವಿನೆಗರ್. ಪ್ರೋಟೀನು, ನೀರು, ಸಮಯ ಈ ಮೂರು ಸಿಕ್ಕಿದ ಕಡೆ ಕೆಲವು ಬ್ಯಾಕ್ಟೀರಿಯಾ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲವನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಕುದಿಸಿದರೂ ಅದು ಹೋಗುವುದಿಲ್ಲ. ಹಳೆಯ ಮೀನನ್ನು ಎಷ್ಟು ಬೇಯಿಸಿದರೂ ಕೆಲವರಿಗೆ ಮುಖ ಕೆಂಪಾಗುವುದು ಇದಕ್ಕೇ.

ಹಾಗಾದರೆ ಮೊಸರಿನ ಹಿಸ್ಟಮಿನ್ ಚರ್ಮದೊಳಗೆ ಇಳಿಯುತ್ತದಾ? ಗಾಯವಿಲ್ಲದ ಚರ್ಮದಲ್ಲಿ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಅಲರ್ಜಿ ಪರೀಕ್ಷೆಯಲ್ಲಿ ತೋಳಿನ ಮೇಲೆ ಹಿಸ್ಟಮಿನ್ ಹನಿ ಇಟ್ಟು, ಅದರ ಮೂಲಕ ಸೂಜಿಯಿಂದ ಸ್ವಲ್ಪ ಚುಚ್ಚುತ್ತಾರೆ. ಸುಮಾರು 15 ನಿಮಿಷದಲ್ಲಿ ಸೊಳ್ಳೆ ಕಚ್ಚಿದಂಥ ಗುಳ್ಳೆ ಏಳುತ್ತದೆ. ಹನಿ ಇಟ್ಟರಷ್ಟೇ ಸಾಲದು, ಚುಚ್ಚಲೇಬೇಕು. ಆದ್ದರಿಂದ ‘ಮೊಸರು ಹಚ್ಚಿದರೆ ಹಿಸ್ಟಮಿನ್ ಏರುತ್ತದೆ’ ಅಂತ ಹೆದರಿಸುವವರ ಮಾತು ಪೂರ್ತಿ ಸರಿಯಲ್ಲ. ತೊಂದರೆ ಇರುವುದು ಬೇರೆ ಕಡೆ. ನಮ್ಮ ನೆತ್ತಿ ಕೆರೆದು ಕೆರೆದು ಮೊದಲೇ ಗೀರು ಬಿದ್ದಿರುತ್ತದೆ. ಆ ಗೀರಿಗೆ ಹುಳಿ ತಾಗಿದರೆ ಉರಿಯುತ್ತದೆ. ಉರಿಗೆ ಮತ್ತೆ ಕೆರೆಯುತ್ತೇವೆ. ಅಲ್ಲಿಂದ ದೇಹದ ಸ್ವಂತ ಹಿಸ್ಟಮಿನ್ ಹೊರಗೆ ಬರಲು ಶುರು.

ಕಲಸಿದ್ದನ್ನು ಅವತ್ತೇ ಮುಗಿಸಬೇಕು ಅಂತ ಅಮ್ಮ ಮೊದಲಿನಿಂದ ಹೇಳುತ್ತಿದ್ದರು. ದಾಸವಾಳದ ಎಲೆ ಕಿತ್ತು, ಅರೆದು, ಹಚ್ಚಿ, ತೊಳೆದು ಮುಗಿಯಿತು. ಫ್ರಿಜ್‌ನಲ್ಲಿ ಇಟ್ಟು ಮುಂದಿನ ವಾರ ಬಳಸುವ ಪದ್ಧತಿ ಆ ಬಚ್ಚಲುಮನೆಯಲ್ಲಿ ಇರಲಿಲ್ಲ. ಪ್ರಿಸರ್ವೇಟಿವ್ ಹಾಕದೆ ಬಾಟಲಿಯಲ್ಲಿ ಮಾರುವ ನೀರು ಮಿಶ್ರಿತ ‘ಹೋಮ್ ಮೇಡ್’ ಕ್ರೀಮುಗಳಿಗಿಂತ ನನಗೆ ಅಮ್ಮನ ಪದ್ಧತಿಯ ಮೇಲೆ ಜಾಸ್ತಿ ನಂಬಿಕೆ. ನೀರಿದ್ದ ಕಡೆ ಬೂಷ್ಟು, ಬ್ಯಾಕ್ಟೀರಿಯಾ ಬಂದೇ ಬರುತ್ತವೆ. ಇನ್ನೊಂದು ಕಡೆ ಪ್ರಿಸರ್ವೇಟಿವ್‌ಗಳಲ್ಲೂ ಎಲ್ಲವೂ ಒಂದೇ ಅಲ್ಲ. ಮಿಥೈಲ್ ಐಸೋಥಯಜೋಲಿನೋನ್ ಅನ್ನುವುದನ್ನು ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರಲ್ಲಿ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತು. ಶಾಂಪೂ ಬಾಟಲಿಯ ಹಿಂದೆ ಆ ಹೆಸರು ಕಂಡರೆ ನಾನು ವಾಪಸ್ ಇಟ್ಟುಬಿಡುತ್ತೇನೆ.

ಈಗ ನೀರಿನ ಮಾತಿಗೆ ಬರುತ್ತೇನೆ. ಚರ್ಮ, ಕೂದಲಿನ ಬಗ್ಗೆ ಬರೆಯುವವರು ಹಚ್ಚುವುದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ತೊಳೆಯುವ ನೀರಿನ ಬಗ್ಗೆ ಬರೆಯುವವರು ಕಡಿಮೆ. ನನ್ನ ಅನುಭವದಲ್ಲಿ ಕೋಲಾರದ ಕಡೆ ಅರ್ಧ ಸಮಸ್ಯೆ ಅಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ, ಬೋರ್‌ವೆಲ್, ಟ್ಯಾಂಕರ್ ಇಷ್ಟೇ. ಆಳದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಗೀಸರ್‌ನ ಒಳಗೆ, ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಪದರ ಅದೇ. ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ನಿಮ್ಮ ಮನೆಯ ನೀರು ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ ನೋಡಿ.

ಗಡಸು ನೀರಿಗೆ ಸೋಪು ಸೇರಿದರೆ ನೊರೆ ಬರುವುದಿಲ್ಲ. ಬದಲಿಗೆ ಕರಗದ ಜಿಡ್ಡಿನಂಥ ಕಸರು ಆಗುತ್ತದೆ. ಅದು ಚರ್ಮದ ಮೇಲೆ, ಕೂದಲಿನ ಮೇಲೆ ಕೂತುಬಿಡುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಸಾಮಾನ್ಯ ಸೋಪಿನ ಪಿಎಚ್, ಅಂದರೆ ಆಮ್ಲ ಕ್ಷಾರದ ಅಳತೆ, 9ರಿಂದ 10ರಷ್ಟು ಇರುತ್ತದೆ. ಚರ್ಮದ್ದು 5ರ ಹತ್ತಿರ. ಆ ಸೋಪು ಚರ್ಮದ ಮೇಲೆಯೇ ಉಳಿದರೆ ಹೊರಪದರ ಒಣಗುತ್ತದೆ, ನವೆ ಹೆಚ್ಚುತ್ತದೆ. ಸೀಗೆಕಾಯಿ ಗೆಲ್ಲುವುದು ಇಲ್ಲಿ. ಅದರ ನೊರೆ ಸಪೋನಿನ್ ಅನ್ನುವ ವಸ್ತುವಿನಿಂದ ಬರುತ್ತದೆ. ಅದು ಸೋಪಲ್ಲ. ಹಾಗಾಗಿ ಬೋರ್‌ವೆಲ್ ನೀರಿನಲ್ಲೂ ಸೋಪಿನ ಕಸರು ಕಟ್ಟುವುದಿಲ್ಲ. ಅಂಟುವಾಳಕಾಯಿಯೂ ಹಾಗೆಯೇ. ಉಪ್ಪು ನೀರಿನ ಊರುಗಳ ಅಜ್ಜಿಯರು ಸೋಪು ಬಂದ ಮೇಲೂ ತಲೆಗೆ ಸೀಗೆಕಾಯಿ ಬಿಡಲಿಲ್ಲ. ಅವರಿಗೆ ಕೈಯಲ್ಲೇ ಗೊತ್ತಾಗಿತ್ತು.

ಆದರೆ ಸೀಗೆಕಾಯಿಗೂ ಒಂದು ಕ್ರಮ ಬೇಕು. ಪುಡಿಯ ಧೂಳು ಮೂಗಿಗೆ ಹೋದರೆ ನಮ್ಮಂಥವರಿಗೆ ಸೀನು ನಿಲ್ಲುವುದಿಲ್ಲ. ಕಣ್ಣಿಗೆ ಬಿದ್ದರಂತೂ ಬೇಡ. ನಾನು ಗ್ರಂಥಿಗೆ ಅಂಗಡಿಯಿಂದ ಇಡೀ ಕಾಯಿ ತರುತ್ತೇನೆ. ಬೀಜ ತೆಗೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ಅವತ್ತೇ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಆ ನೀರನ್ನು ಮಾತ್ರ ಬಳಸುತ್ತೇನೆ. ಚರಟ ನೆತ್ತಿಗೆ ಉಜ್ಜುವುದಿಲ್ಲ. ಪುಡಿಯೇ ಬೇಕು ಅನ್ನುವವರು ಮೆಣಸಿನಕಾಯಿ ಬೀಸುವ ಮಿಷನ್ನಿಗೆ ಹಾಕಿಸಬೇಡಿ. ಖಾರ ಉಳಿದಿರುತ್ತದೆ. ಮಾರುಕಟ್ಟೆಯ ‘ಸೀಗೆಕಾಯಿ ಶಾಂಪೂ’ ಬೇರೆ ವಿಷಯ. ಅದರಲ್ಲಿ ಮುಖ್ಯ ಕೆಲಸ ಮಾಡುವುದು ಹೆಚ್ಚಿನ ಸಲ ಮಾಮೂಲಿ ಡಿಟರ್ಜೆಂಟೇ, ಜೊತೆಗೆ ಪರಿಮಳ. ಅದು ಕೆಟ್ಟದ್ದು ಅಂತಲ್ಲ. ಹೆಸರು ನೋಡಿ ಮೋಸ ಹೋಗಬೇಡಿ, ಅಷ್ಟೇ. ಮೈಗೆ ನಾನು ಸೋಪು ಬಿಟ್ಟು ಪರಿಮಳ ಇಲ್ಲದ ಸಿಂಡೆಟ್ ಬಾರ್ ಬಳಸುತ್ತೇನೆ, ಅಂದರೆ ನೋಡಲು ಸೋಪಿನ ಹಾಗೇ ಇರುವ, ಆದರೆ ಮೆತ್ತಗಿನ ಡಿಟರ್ಜೆಂಟಿನಿಂದ ಮಾಡಿದ ಬಿಲ್ಲೆ. ಅದೂ ಗಡಸು ನೀರಿಗೆ ಹೆದರುವುದಿಲ್ಲ. ಅದು ಫ್ಯಾಕ್ಟರಿಯ ವಸ್ತು, ನನ್ನ ಚರ್ಮಕ್ಕೆ ಹಿಡಿಸಿದೆ. ಕೊನೆಯ ಒಂದು ಚೊಂಬು ನೀರು ಆರ್‌ಒ ನೀರಾದರೆ ಕೂದಲು ಮೃದುವಾಗಿರುತ್ತದೆ. ಮಳೆಗಾಲದಲ್ಲಿ ಹಿಡಿದ ಮಳೆನೀರು ಅದಕ್ಕಿಂತ ಒಳ್ಳೆಯದು.

ಬಿಸಿನೀರಿನ ಬಗ್ಗೆಯೂ ಹೇಳಬೇಕು. ಹಬ್ಬದ ದಿನ ಹಂಡೆಯ ಸುಡುಸುಡು ನೀರು ಮೈಮೇಲೆ ಬಿದ್ದರೆ ಯಾರಿಗೆ ಬೇಡ? ಆದರೆ ಬಿಸಿ, ಉಜ್ಜುವುದು, ಕೆರೆಯುವುದು ಇವೆಲ್ಲ ಮಾಸ್ಟ್ ಕೋಶಗಳನ್ನು ಕೆಣಕುತ್ತವೆ. 1920ರ ದಶಕದಲ್ಲಿ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಇದನ್ನು ವಿವರವಾಗಿ ಬರೆದರು. ಚರ್ಮದ ಮೇಲೆ ಗಟ್ಟಿಯಾಗಿ ಒಂದು ಗೆರೆ ಎಳೆದರೆ ಮೊದಲು ಕೆಂಪು ಗೆರೆ. ಆಮೇಲೆ ಸುತ್ತ ಹರಡುವ ಕೆಂಪು. ಕೊನೆಗೆ ಉಬ್ಬುವ ದದ್ದು. ಹಿಸ್ಟಮಿನ್ ಚುಚ್ಚಿದರೂ ಇದೇ ಮೂರು ಹಂತ. ಕೆಲವರ ಚರ್ಮದ ಮೇಲೆ ಉಗುರಿನಿಂದ ಹೆಸರು ಬರೆದರೆ ಅಕ್ಷರ ಉಬ್ಬಿ ನಿಲ್ಲುತ್ತದೆ. ಅಂಥವರಿಗೆ ಯಾವ ಸ್ಕ್ರಬ್ಬೂ ಬೇಡ. ಕಡಲೆಹಿಟ್ಟಿನದೂ ಬೇಡ, ಹೀರೆನಾರಿನದೂ ಬೇಡ.

ನಮ್ಮ ಕಡೆ ಪಿತ್ತದ ಗಂಧೆ ಎದ್ದರೆ ಕಂಬಳಿಯಿಂದ ಉಜ್ಜುವ ರೂಢಿ ಇದೆ. ಉಜ್ಜುವಾಗ ಹಾಯ್ ಅನ್ನಿಸುತ್ತದೆ. ಆದರೆ ಉಜ್ಜಿದಷ್ಟೂ ಗಂಧೆ ಹರಡುತ್ತದೆ. ಒದ್ದೆ ತೆಳು ಬಟ್ಟೆಯನ್ನು ಮೇಲೆ ಹಾಸಿ ಸುಮ್ನೆ ಬಿಡುವುದು ಮೇಲು. ದೊಡ್ಡಪತ್ರೆ ರಸ ಹಚ್ಚುವವರೂ ಇದ್ದಾರೆ. ಅದರಲ್ಲಿ ಕಾರ್ವಕ್ರಾಲ್ ಅನ್ನುವ ಖಾರವಾದ ಎಣ್ಣೆಯ ಅಂಶ ಇದೆ. ಮಕ್ಕಳ ಮುಖಕ್ಕೆ ಅದನ್ನು ಹಚ್ಚಲು ನನಗೆ ಮನಸ್ಸಿಲ್ಲ.

ನಿಂಬೆರಸ ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗಬೇಡಿ. ಸುಟ್ಟಂಥ ಕಪ್ಪು ಕಲೆ ಉಳಿಯುತ್ತದೆ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸುವ ಒಂದು ವಿಷಯ. ಇದನ್ನು ಇಂಗ್ಲಿಷ್‌ನಲ್ಲಿ ಬರೆಯುವ ಹೊರದೇಶದವರು ಹೇಳುವುದಿಲ್ಲ, ಅವರಿಗೆ ಅದರ ಅಗತ್ಯವೂ ಅಷ್ಟಾಗಿ ಇಲ್ಲ. ಅವರು ಸೂಕ್ಷ್ಮ ಚರ್ಮಕ್ಕೆ ಕ್ಯಾಮೊಮೈಲ್, ಕ್ಯಾಲೆಂಡುಲ ಅಂತ ಸೂಚಿಸುತ್ತಾರೆ. ಎರಡೂ ಸೇವಂತಿಗೆಯ ಕುಟುಂಬದ ಹೂಗಳು. ನಮ್ಮ ಹೊಲದ ಬದು, ಖಾಲಿ ಸೈಟು, ರೈಲು ಹಳಿಯ ಪಕ್ಕ ತುಂಬಿರುವ ಕಾಂಗ್ರೆಸ್ ಗಿಡವೂ ಅದೇ ಕುಟುಂಬದ್ದು. ಪಾರ್ಥೇನಿಯಂ ಅನ್ನುವ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಆಮೇಲೆ ದೇಶವೆಲ್ಲ ಹಬ್ಬಿತು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೂತು ಚರ್ಮ ಒರಟಾಗಿ, ಕಪ್ಪಾಗಿ, ನವೆ ಆಗುವವರನ್ನು ನಮ್ಮ ಹಳ್ಳಿಗಳಲ್ಲಿ ನೋಡಿದ್ದೇವೆ ಅಲ್ವಾ? ಹೊಲದಲ್ಲಿ ದುಡಿಯುವವರಿಗೆ ಇದು ಜಾಸ್ತಿ. ಒಮ್ಮೆ ಆ ಗಿಡಕ್ಕೆ ಅಲರ್ಜಿ ಬಂದ ದೇಹ ಅದೇ ಕುಟುಂಬದ ಬೇರೆ ಗಿಡಗಳಿಗೂ ಸಿಡುಕಬಹುದು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುವವರ, ಹೂ ಕಟ್ಟುವವರ ಕೈ ಬೆರಳು ಬಿರುಕು ಬಿಡುವುದಕ್ಕೂ ಇದು ಒಂದು ಕಾರಣ ಇರಬಹುದು.

ಕೂದಲಿಗೆ ಎಲ್ಲರೂ ಹೊಗಳುವ ಭೃಂಗರಾಜ, ಅಂದರೆ ನಮ್ಮ ಗರಗದ ಸೊಪ್ಪು, ಅದೂ ಇದೇ ಕುಟುಂಬಕ್ಕೆ ಸೇರಿದ್ದು. ಅದು ಯಾರಿಗೂ ಆಗಿಬರುವುದಿಲ್ಲ ಅಂತ ಹೇಳಲು ನನ್ನಲ್ಲಿ ಆಧಾರ ಇಲ್ಲ. ತುಂಬಾ ಜನ ತಲೆತಲಾಂತರದಿಂದ ಬಳಸಿದ್ದಾರೆ. ಆದರೆ ಕಾಂಗ್ರೆಸ್ ಗಿಡ ಕಿತ್ತ ದಿನ ಮುಖ ಊದಿಕೊಳ್ಳುವವರು ಗರಗದ ಎಣ್ಣೆಯನ್ನು ನೇರವಾಗಿ ತಲೆಗೆ ಸುರಿದುಕೊಳ್ಳದೆ, ಮೊದಲು ತೋಳಿಗೆ ಹಚ್ಚಿ ನೋಡಿ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಹಚ್ಚಿದ ಕೆಲವೇ ನಿಮಿಷದಲ್ಲಿ ದದ್ದು ಎದ್ದು, ಕೆಲವು ಗಂಟೆಗಳಲ್ಲಿ ಗುರುತೇ ಇಲ್ಲದಂತೆ ಹೋದರೆ ಅದು ಹಿಸ್ಟಮಿನ್ನಿನ ಕೆಲಸ. ಅದು ಸಿಟ್ರಿಜಿನ್ ಥರದ ಅಲರ್ಜಿ ಮಾತ್ರೆಗೆ ಬಗ್ಗುತ್ತದೆ. ಒಂದೆರಡು ದಿನ ಬಿಟ್ಟು ಕೆಂಪಾಗಿ, ಸಣ್ಣ ನೀರುಗುಳ್ಳೆ ಬಂದು, ವಾರಗಟ್ಟಲೆ ಉಳಿದರೆ ಅದು ಬೇರೆ ಬಗೆಯ ಅಲರ್ಜಿ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳಿಂದ ಬರುವುದು. ಕಾಂಗ್ರೆಸ್ ಗಿಡದ್ದು, ಹೇರ್ ಡೈ ಅಲರ್ಜಿ, ರೋಲ್ಡ್‌ಗೋಲ್ಡ್ ಓಲೆಯ ನಿಕ್ಕಲ್ ಅಲರ್ಜಿ, ಸ್ಟಿಕ್ಕರ್ ಬೊಟ್ಟಿನ ಅಂಟಿನ ಅಲರ್ಜಿ ಹೆಚ್ಚಾಗಿ ಈ ಬಗೆಯವು. ಊಟದಲ್ಲಿ ಹಿಸ್ಟಮಿನ್ ಎಷ್ಟು ಕಡಿಮೆ ಮಾಡಿದರೂ ಇದು ಹೋಗುವುದಿಲ್ಲ. ಮಾತ್ರೆಗೂ ಅಷ್ಟಾಗಿ ಬಗ್ಗುವುದಿಲ್ಲ. ಯಾವುದರಿಂದ ಅಂತ ಹುಡುಕಿ ಅದನ್ನು ಬಿಡಬೇಕು. ಚರ್ಮತಜ್ಞರು ಬೆನ್ನ ಮೇಲೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಇದೆ. ಬೊಟ್ಟಿನ ಜಾಗದಲ್ಲಿ ಬಿಳಿ ಕಲೆ ಬಂದರೂ ‘ಉಷ್ಣ’ ಅಂತ ಬಿಟ್ಟುಬಿಡುವ ಹೆಂಗಸರು ಎಷ್ಟು ಜನ! ಒಮ್ಮೆ ತೋರಿಸಿ.

ಬಿಳಿ ಕೂದಲಿಗೆ ಮೆಹೆಂದಿ ಒಳ್ಳೆಯದು ಅನ್ನುವುದು ನಿಜ. ಆದರೆ ಯಾವ ಮೆಹೆಂದಿ? ಬರೀ ಮೆಹೆಂದಿ ಎಲೆಯ ಪುಡಿ ಹಸಿರು ಕಂದು ಬಣ್ಣ ಇರುತ್ತದೆ, ಒಣ ಹುಲ್ಲಿನ ವಾಸನೆ ಬರುತ್ತದೆ, ಗಂಟೆಗಟ್ಟಲೆ ಇಟ್ಟ ಮೇಲೆ ಕಿತ್ತಳೆ, ಕೆಂಪು ಬಣ್ಣ ಕೊಡುತ್ತದೆ. ಸ್ವಲ್ಪ ಹೊತ್ತಿಗೇ ಕಪ್ಪಾದರೆ ಅದು ಎಲೆಯ ಬಣ್ಣವಲ್ಲ. ‘ಕಪ್ಪು ಮೆಹೆಂದಿ’ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿ, ಹೇರ್ ಡೈಗೆ ಹಾಕುವ ಅದೇ ರಾಸಾಯನಿಕ. ಮುಖ ಬಾತು ಕಣ್ಣು ಮುಚ್ಚಿಹೋಗುವಷ್ಟು ಅಲರ್ಜಿ ತರಬಲ್ಲದು. ಪೊಟ್ಟಣದ ಮೇಲೆ ಎಲೆಯ ಚಿತ್ರ ಇರುತ್ತದೆ, ಹಿಂದೆ ಸಣ್ಣ ಅಕ್ಷರದಲ್ಲಿ ಪಿಪಿಡಿ ಇರುತ್ತದೆ. ಇದನ್ನು ನೈಸರ್ಗಿಕ ಅಂತ ಮಾರುವುದು ನನಗೆ ಸಿಟ್ಟು ತರಿಸುತ್ತದೆ. ಇನ್ನೊಂದು ಮಾತು: ಜಿ6ಪಿಡಿ ಅನ್ನುವ, ಕೆಂಪು ರಕ್ತಕಣ ಕಾಪಾಡುವ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಿಗೆ, ಮುಖ್ಯವಾಗಿ ಪುಟ್ಟ ಮಕ್ಕಳಿಗೆ, ಶುದ್ಧ ಮೆಹೆಂದಿಯೂ ಅಪಾಯ. ರಕ್ತಕಣ ಒಡೆಯುತ್ತದೆ.

ನೆತ್ತಿಯ ನವೆಗೆ ಬರೋಣ. ಹಿಸ್ಟಮಿನ್ ಮತ್ತು ಕೂದಲು ನೇರವಾಗಿ ಸೇರುವ ಜಾಗ ಇದು. ತಲೆಹೊಟ್ಟಿರುವ ನೆತ್ತಿಯ ಮೇಲ್ಪದರದಲ್ಲಿ ಹಿಸ್ಟಮಿನ್ ಹೆಚ್ಚಿರುತ್ತದೆ ಅಂತ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಜಿಂಕ್ ಪೈರಿಥಿಯೋನ್ ಇರುವ ಶಾಂಪೂ ಬಳಸಿದ ಮೇಲೆ ಆ ಮಟ್ಟ ಇಳಿಯಿತು, ನವೆಯೂ ಇಳಿಯಿತು. ‘ಕೆಮಿಕಲ್ ಶಾಂಪೂ ಮುಟ್ಟಲ್ಲ’ ಅಂತ ಹಟ ಹಿಡಿಯುವ ಗೆಳತಿಯರಿಗೆ ನಾನು ಇದನ್ನೇ ಹೇಳುವುದು. ಹೊಟ್ಟಿಗೆ ಕಾರಣ ಮಲಸೇಜಿಯ ಅನ್ನುವ ಸೂಕ್ಷ್ಮ ಶಿಲೀಂಧ್ರ. ಅದು ಬದುಕುವುದೇ ಕೊಬ್ಬಿನ ಮೇಲೆ. ಹೊಟ್ಟು ಇರುವಾಗ ನೆತ್ತಿಗೆ ಎಣ್ಣೆ ತುಂಬಿ ರಾತ್ರಿಯೆಲ್ಲ ಬಿಟ್ಟರೆ ಅದಕ್ಕೆ ಊಟ ಬಡಿಸಿದಂತೆ. ಮೊದಲು ಹೊಟ್ಟಿಗೆ ಔಷಧ ಮಾಡಿ. ಅದು ಹೋದ ಮೇಲೆ ಸೀಗೆಕಾಯಿಗೆ ವಾಪಸ್ ಬನ್ನಿ. ಎರಡಕ್ಕೂ ಜಗಳವಿಲ್ಲ.

ಎಣ್ಣೆ ಅಂದರೆ ನನಗೆ ಕೊಬ್ಬರಿ ಎಣ್ಣೆಯೇ. ತವರು ತಿಪಟೂರು. ಅಲ್ಲಿಯ ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಏನಾಯಿತು ಅಂತ ಮನೆಮಂದಿಯೆಲ್ಲ ಮಾತಾಡುವ ಊರು ಅದು. ನೋಡಿ, ಎಣ್ಣೆಯಲ್ಲಿ ನೀರೂ ಇಲ್ಲ, ಪ್ರೋಟೀನೂ ಇಲ್ಲದಷ್ಟು ಕಡಿಮೆ. ಹಾಗಾಗಿ ಮೊಸರಿನ ಹಾಗೆ ಹುಳಿ ಬರುವುದಿಲ್ಲ. ಕಮಟಾಗುತ್ತದೆ, ಅದು ಬೇರೆ ಕೆಡುಕು. ಕಮಟು ವಾಸನೆ ಬಂದ ಎಣ್ಣೆ ದೀಪಕ್ಕೆ, ತಲೆಗಲ್ಲ. ಗಾಣದಿಂದ ಸ್ವಲ್ಪ ಸ್ವಲ್ಪವೇ ತರಿಸಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿ ನೋಡಿತು. ತೊಳೆಯುವಾಗ ಕೂದಲಿನ ಪ್ರೋಟೀನ್ ಕಳೆದುಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಕೂದಲಿನೊಳಗೆ ಇಳಿಯುತ್ತದೆ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರು ಅನ್ನುವುದೂ ನಿಮಗೆ ಗೊತ್ತಿರಲಿ. ನಾನು ತಲೆ ಸ್ನಾನಕ್ಕೆ ಗಂಟೆ ಮೊದಲು ಕೂದಲಿನ ಉದ್ದಕ್ಕೆ ಸವರುತ್ತೇನೆ, ನೆತ್ತಿಗೆ ಕಡಿಮೆ. ಅದಕ್ಕೆ ಕರಿಬೇವು, ಮೆಂತ್ಯ, ಈರುಳ್ಳಿ, ಲವಂಗ ಅಂತ ಹತ್ತು ಪದಾರ್ಥ ಹಾಕಿ ಕುದಿಸುವುದಿಲ್ಲ. ನವೆ ಬಂದರೆ ಹತ್ತರಲ್ಲಿ ಯಾವುದು ಅಂತ ಹುಡುಕುವುದು ಹೇಗೆ? ಪರಿಮಳದ ಎಣ್ಣೆಗಳೂ ಬೇಡ. ಲ್ಯಾವೆಂಡರ್, ಟೀ ಟ್ರೀ, ನಿಂಬೆಯ ಎಣ್ಣೆಗಳಲ್ಲಿನ ಅಂಶಗಳು ಗಾಳಿ ತಾಗಿ ಹಳತಾದಷ್ಟೂ ಅಲರ್ಜಿ ತರುವ ಗುಣ ಹೆಚ್ಚುತ್ತದೆ.

ಲೋಳೆಸರ ಹಚ್ಚುವವರು ಎಲೆ ಕತ್ತರಿಸಿ ಸ್ವಲ್ಪ ಹೊತ್ತು ನಿಲ್ಲಿಸಿ. ಹಳದಿ ಹಾಲು ಇಳಿದುಹೋಗಲಿ. ನವೆ ತರುವುದು ಹೆಚ್ಚಾಗಿ ಆ ಹಳದಿಯೇ. ಒಳಗಿನ ತಿಳಿ ಲೋಳೆ ತೊಳೆದು ಬಳಸಿ.

ಮೊದಲೇ ಹೇಳಿದ್ದೆನಲ್ಲ, ಊಟದ ಬಗ್ಗೆ ಇನ್ನೊಂದು ಮಾತಿದೆ ಅಂತ. ಹಿಸ್ಟಮಿನ್ ಪಟ್ಟಿ ಹಿಡಿದು ಒಂದೊಂದೇ ಬಿಡುತ್ತಾ ಹೋಗುವವರಿಗೆ ಎರಡು ಮೂರು ತಿಂಗಳ ನಂತರ ಕೂದಲು ಮುಷ್ಟಿಗಟ್ಟಲೆ ಉದುರಲು ಶುರುವಾಗಬಹುದು. ಅಷ್ಟರಲ್ಲಿ ಕಾರಣ ಮರೆತುಹೋಗಿರುತ್ತದೆ. ಎಣ್ಣೆ ಬದಲಿಸುತ್ತಾರೆ, ಶಾಂಪೂ ಬದಲಿಸುತ್ತಾರೆ. ಊಟ ಏಕಾಏಕಿ ಕಡಿಮೆಯಾದರೆ, ಜ್ವರ ಬಂದರೆ, ಹೆರಿಗೆಯಾದರೆ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿ, ಸುಮಾರು ಮೂರು ತಿಂಗಳಿಗೆ ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಜಾಸ್ತಿ ಅನ್ನಿಸಿದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು), ಥೈರಾಯ್ಡ್ ಪರೀಕ್ಷೆ ಮಾಡಿಸಿ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಬಹಳ. ಅದನ್ನು ಯಾವ ದಾಸವಾಳದ ಎಲೆಯೂ ತುಂಬುವುದಿಲ್ಲ. ಬಿಸಿ ಮುದ್ದೆ, ಅವತ್ತೇ ಬೇಯಿಸಿದ ಹೆಸರುಕಾಳು, ನಿಮಗೆ ಆಗಿಬರುವ ಸೊಪ್ಪು, ತಾಜಾ ಮೊಟ್ಟೆ ಅಥವಾ ಅವತ್ತೇ ಕತ್ತರಿಸಿದ ಕೋಳಿ, ಇವನ್ನು ಬಿಡಬೇಕಾಗಿಲ್ಲದವರು ಬಿಡಬೇಡಿ. ಉಳಿದ ಸಾರನ್ನು ಮಾರನೆಯ ದಿನಕ್ಕೆ ಇಡುವುದು ಬಿಟ್ಟರೇ ಎಷ್ಟೋ ಜನರಿಗೆ ಮೈ ಹಗುರವಾಗುತ್ತದೆ. ಟೊಮೆಟೊ ಕೂಡ ಎಲ್ಲರಿಗೂ ಶಾಶ್ವತವಾಗಿ ಬಿಡಬೇಕಾದದ್ದಲ್ಲ. ಮತ್ತೆ ಸ್ವಲ್ಪ ತಿಂದು ನೋಡುವ ಹಂತ ಇದ್ದೇ ಇದೆ.

ಹೊಸದು ಏನೇ ತಂದರೂ ಮೊಣಕೈ ಒಳಗಿನ ಮಡಿಕೆಯ ಹತ್ತಿರ ಒಂದು ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲ, ವಾರದಿಂದ ಹತ್ತು ದಿನ ಹಚ್ಚಿ ನೋಡಿ. ಒಂದು ಸಲ ಹಚ್ಚಿ ಏನೂ ಆಗಲಿಲ್ಲ ಅಂತ ನಂಬುವುದು ಸಾಲದು. ತಡವಾಗಿ ಬರುವ ಅಲರ್ಜಿ ಅಷ್ಟು ಬೇಗ ಮುಖ ತೋರಿಸುವುದಿಲ್ಲ. ಸೀಗೆಕಾಯಿಯಂಥ ತೊಳೆದುಹೋಗುವ ವಸ್ತುವನ್ನು ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಹೇರ್ ಡೈಯನ್ನು ಮಾತ್ರ ಹೀಗೆ ಮನೆಯಲ್ಲೇ ಪದೇ ಪದೇ ಹಚ್ಚಿ ಪರೀಕ್ಷೆ ಮಾಡಬೇಡಿ. ಅನುಮಾನ ಇದ್ದರೆ ಚರ್ಮತಜ್ಞರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ತುಟಿ, ನಾಲಿಗೆ ಊದಿದರೆ, ಉಸಿರಾಟ ಕಷ್ಟವಾದರೆ, ತಲೆ ತಿರುಗಿದರೆ ಮನೆಮದ್ದು ಹುಡುಕದೆ ನೇರ ಆಸ್ಪತ್ರೆಗೆ ಹೋಗಿ.

ಮದುವೆಗೆ ಸಿದ್ಧವಾಗುತ್ತಿರುವ ಹುಡುಗಿಯರ ಅಮ್ಮಂದಿರಿಗೆ ಇದನ್ನು ಬೇರೆಯಾಗಿ ಹೇಳುತ್ತೇನೆ. ಚಪ್ಪರದ ಹಿಂದಿನ ದಿನ ಪಾರ್ಲರಿನಲ್ಲಿ ಮೊದಲ ಸಲ ಬ್ಲೀಚು, ಮೊದಲ ಸಲ ಫ್ರೂಟ್ ಫೇಶಿಯಲ್, ಕೈಗೆ ಬೇಗ ಕಪ್ಪಾಗುವ ಕೋನ್ ಬೇಡ. ಏನೇ ಹೊಸದು ಮಾಡಿಸುವುದಿದ್ದರೂ ಲಗ್ನಪತ್ರಿಕೆ ಹಂಚುವ ಹೊತ್ತಿಗೇ ಒಮ್ಮೆ ಮಾಡಿಸಿ ನೋಡಿ. ಅರಿಶಿನ ಶಾಸ್ತ್ರಕ್ಕೆ ಅಂಗಡಿಯ ಬಣ್ಣದ ಪುಡಿ ಬಿಟ್ಟು ಅರಿಶಿನದ ಕೊಂಬನ್ನು ಅವತ್ತೇ ತೇಯಿರಿ. ಆ ವಾರ ನವೆ ಎದ್ದಿದ್ದರೆ ಕೆನ್ನೆಗೆ ಒಂದು ಬೊಟ್ಟು ಇಟ್ಟರೂ ಶಾಸ್ತ್ರ ಆಗುತ್ತದೆ. ಹಾಗಂತ ಪುರೋಹಿತರಿಗೂ, ಅತ್ತಿಗೆ ನಾದಿನಿಯರಿಗೂ ಮೊದಲೇ ಹೇಳಿಡಿ.